ಸಿಡಿ45 ಆಂಟಿಬಾಡಿ ಆರ್ಡರ್ ಮಾಡೋ ಮುಂಚೆ

ಸಿಡಿ45 ಅನ್ನೋ ಪ್ರೋಟೀನಿಗೆ ಅಂಟುವ ಆಂಟಿಬಾಡಿ ಹುಡುಕಿದರೆ ಕ್ಯಾಟಲಾಗಿನಲ್ಲಿ ಪುಟಗಟ್ಟಲೆ ಬರುತ್ತವೆ. ಬೆಲೆ ಆಮೇಲೆ ನೋಡಿ, ಮೊದಲು ಕ್ಲೋನ್ ಹೆಸರು, ಅಂದರೆ ಆ ಆಂಟಿಬಾಡಿ ಮಾಡುವ ಕೋಶವಂಶದ ಹೆಸರು ನೋಡಿ. ಕ್ಲೋನ್ ಹೆಸರೇ ಕೊಡದ ಮಾನೋಕ್ಲೋನಲ್ (ಒಂದೇ ಕೋಶವಂಶದಿಂದ ಬಂದ ಆಂಟಿಬಾಡಿ) ಆದರೆ ನಾನಂತೂ ಆ ಪುಟ ಮುಚ್ಚಿಬಿಡುತ್ತೇನೆ.

ಈ ಪ್ರೋಟೀನ್ ಬಿಳಿ ರಕ್ತಕಣಗಳ ಹೊರಪೊರೆಯಲ್ಲಿ ಕೂತಿರುವ ಟೈರೋಸಿನ್ ಫಾಸ್ಫಟೇಸ್, ಅಂದರೆ ಬೇರೆ ಪ್ರೋಟೀನ್‌ಗಳಿಂದ ಫಾಸ್ಫೇಟ್ ತೆಗೆಯುವ ಕಿಣ್ವ. ಒಂದು ತುದಿ ಹೊರಗೆ ಚಾಚಿದೆ, ಫಾಸ್ಫೇಟ್ ತೆಗೆಯುವ ಭಾಗ ಕೋಶದ ಒಳಗಿದೆ. ಹೊರಗಿನ ಭಾಗ ಎಲ್ಲ ಕೋಶಗಳಲ್ಲೂ ಒಂದೇ ತರ ಇರೋದಿಲ್ಲ. ಇದರ ಜೀನಿನ 4, 5, 6ನೇ ಎಕ್ಸಾನ್‌ಗಳು (ಪ್ರೋಟೀನಿನ ಭಾಗಗಳಿಗೆ ಸಂಕೇತ ಕೊಡುವ ತುಂಡುಗಳು) ಕೆಲವು ಕಡೆ ಉಳಿಯುತ್ತವೆ, ಕೆಲವು ಕಡೆ ಬಿಟ್ಟುಹೋಗುತ್ತವೆ. ಹಾಗಾಗಿ ಮನುಷ್ಯರ ರಕ್ತದಲ್ಲಿ ಎಲ್ಲ ಬಿಳಿ ರಕ್ತಕಣ ಬೇಕಿದ್ದರೆ ಎಚ್‌ಐ30 ತಗೊಳ್ಳಿ, ನಯೀವ್ ಟಿ ಕೋಶ (ಇನ್ನೂ ತನ್ನ ಆಂಟಿಜನ್ ಎದುರಿಸದ್ದು) ಬೇಕಿದ್ದರೆ ಸಿಡಿ45ರ ಆರ್‌ಎ ರೂಪವನ್ನು ಹಿಡಿಯುವ ಎಚ್‌ಐ100, ಮೆಮರಿ ಟಿ ಕೋಶಕ್ಕೆ (ಆಂಟಿಜನ್ ಎದುರಿಸಿ ನೆನಪಿಟ್ಟುಕೊಂಡದ್ದು) ಆರ್‌ಓ ರೂಪವನ್ನು ಹಿಡಿಯುವ ಯುಸಿಎಚ್‌ಎಲ್1. ಆರ್‌ಎ ಒಂದನ್ನೇ ನೋಡಿ ನಯೀವ್ ಅಂತ ತೀರ್ಮಾನ ಮಾಡಬೇಡಿ, ಕೆಲವು ಎಫೆಕ್ಟರ್ (ದಾಳಿಗೆ ತಯಾರಾದ) ಕೋಶಗಳಲ್ಲೂ ಅದು ಮತ್ತೆ ಕಾಣಿಸಿಕೊಳ್ಳುತ್ತದೆ. ಜೊತೆಗೆ ನಯೀವ್ ಕೋಶದಲ್ಲಿ ಇದ್ದು ಆ ಎಫೆಕ್ಟರ್‌ಗಳಲ್ಲಿ ಇಲ್ಲದ ಸಿಸಿಆರ್7 ಪ್ರೋಟೀನಿನ ಆಂಟಿಬಾಡಿಯನ್ನೂ ಹಾಕಿ.

ಮೌಸ್ ಕೆಲಸಕ್ಕೆ ಇವು ಬರೋದಿಲ್ಲ. ಅಲ್ಲಿ 30-ಎಫ್11 ಸಾಮಾನ್ಯ. ಅದು ರ‍್ಯಾಟ್‌ನಲ್ಲಿ ಮಾಡಿದ್ದು, ಆದ್ದರಿಂದ ಸೆಕೆಂಡರಿ (ಮೊದಲ ಆಂಟಿಬಾಡಿಗೆ ಅಂಟುವ ಎರಡನೇ ಆಂಟಿಬಾಡಿ) ಬಳಸುವವರು ರ‍್ಯಾಟ್ ವಿರುದ್ಧದ್ದನ್ನೇ ತರಿಸಬೇಕು. ಬೋನ್ ಮ್ಯಾರೋ ಕಸಿ ಮಾಡುವವರಿಗೆ ಇನ್ನೊಂದು ತಲೆನೋವಿದೆ. ಸಿ57ಬಿಎಲ್/6 ಮೌಸ್‌ನಲ್ಲಿ ಇರೋದು ಸಿಡಿ45.2 ಅನ್ನೋ ರೂಪಭೇದ, ಅದಕ್ಕೆ 104 ಅನ್ನೋ ಕ್ಲೋನ್. ಎಸ್‌ಜೆಎಲ್ ಮೌಸ್‌ನಲ್ಲಿ ಸಿಡಿ45.1, ಅದಕ್ಕೆ ಎ20. ಇವೆರಡನ್ನು ಅದಲುಬದಲು ಮಾಡಿದರೆ ಮೌಸ್‌ನಲ್ಲಿ ಒಂದೂ ಬಿಳಿ ರಕ್ತಕಣ ಇಲ್ಲವೇನೋ ಅನ್ನೋ ತರ ಪ್ಲಾಟ್ ಬರುತ್ತದೆ.

ಇನ್ನು ಪ್ರಯೋಗ ಯಾವುದು? ಫ್ಲೋನಲ್ಲಿ (ಕೋಶಗಳನ್ನು ಒಂದೊಂದಾಗಿ ಲೇಸರ್ ಮುಂದೆ ಹಾಯಿಸಿ ನೋಡುವ ಫ್ಲೋ ಸೈಟೋಮೆಟ್ರಿ) ಚೆನ್ನಾಗಿ ಅಂಟುವ ಕ್ಲೋನ್ ವೆಸ್ಟರ್ನ್‌ನಲ್ಲಿ (ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಬೇರ್ಪಡಿಸಿ ನೋಡುವ ವೆಸ್ಟರ್ನ್ ಬ್ಲಾಟ್) ಕೈಕೊಡಬಹುದು, ಯಾಕೆಂದರೆ ಕುದಿಸಿದ ಮೇಲೆ ಪ್ರೋಟೀನಿನ ಆಕಾರವೇ ಉಳಿಯೋದಿಲ್ಲ ಅಲ್ವಾ. ಒಳಗಿನ ತುದಿಯನ್ನು ಹಿಡಿಯುವ ಆಂಟಿಬಾಡಿ ವೆಸ್ಟರ್ನ್‌ಗೆ ಓಕೆ, ಆದರೆ ಜೀವಂತ ಕೋಶಕ್ಕೆ ಹಾಕಿದರೆ ಅದು ಒಳಗೇ ಹೋಗೋದಿಲ್ಲ, ಸತ್ತ ಕೋಶಗಳು ಮಾತ್ರ ಬಣ್ಣ ಹಿಡಿದು ದಾರಿ ತಪ್ಪಿಸುತ್ತವೆ. ವೆಸ್ಟರ್ನ್‌ನಲ್ಲಿ ಸಿಡಿ45 ಬ್ಯಾಂಡ್ ಸುಮಾರು 180ರಿಂದ 220 ಕಿಲೋಡಾಲ್ಟನ್ ಹತ್ತಿರ ಬರುತ್ತದೆ, ಕಡಿಮೆ ಪರ್ಸೆಂಟಿನ ಜೆಲ್ ಓಡಿಸಿ. ಪ್ಯಾರಾಫಿನ್ ಟಿಶ್ಯೂಗೆ 2ಬಿ11 ಮತ್ತು ಪಿಡಿ7/26 ಬೆರೆಸಿದ ಕಾಕ್‌ಟೇಲ್ ಹಳೆಯ ನಂಬಿಕಸ್ಥ.

ಫ್ಲೂರೋಫೋರ್ (ಆಂಟಿಬಾಡಿಗೆ ಅಂಟಿಸಿದ ಹೊಳೆಯುವ ಬಣ್ಣ) ಆರಿಸುವಾಗ ಜಿಪುಣರಾಗಿ. ಸಿಡಿ45 ಟಿ ಕೋಶಗಳಲ್ಲಿ ತುಂಬಾನೇ ಜಾಸ್ತಿ ಇರುತ್ತದೆ, ಪ್ರಖರವಾದ ಪಿಇ ಬಣ್ಣವನ್ನು ಇದಕ್ಕೆ ಸುಮ್ನೆ ಹಾಳು ಮಾಡಬೇಡಿ, ಅದನ್ನು ಕಡಿಮೆ ಇರುವ ಮಾರ್ಕರ್‌ಗೆ ಇಟ್ಟುಕೊಳ್ಳಿ.

ಟ್ಯೂಬ್ ಬಂದ ಮೇಲೆ ಜುರ್ಕಾಟ್ (ಟಿ ಕೋಶದ ಲೈನ್) ಮತ್ತು ಎಚ್‌ಇಕೆ293 (ಮೂತ್ರಪಿಂಡ ಮೂಲದ ಲೈನ್) ಕೋಶಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದು ಹೊಳೆಯಬೇಕು, ಎರಡನೆಯದು ಹೊಳೆಯಬಾರದು. ಡೋಸ್ ಟೈಟ್ರೇಟ್ ಮಾಡಿ (ಬೇರೆ ಬೇರೆ ಪ್ರಮಾಣ ಹಾಕಿ ಸರಿಯಾದದ್ದನ್ನು ಆರಿಸಿ), ಲಾಟ್ ನಂಬರ್ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಕೋಶಗಳನ್ನು ಆಮೇಲೆ ಬೆಳೆಸುವ ಅಥವಾ ಸಿಗ್ನಲಿಂಗ್ ನೋಡುವ ಯೋಚನೆ ಇದ್ದರೆ ಸೋಡಿಯಂ ಅಜೈಡ್ (ಕೆಡದಂತೆ ಹಾಕುವ, ಕೋಶಗಳಿಗೆ ವಿಷವಾದ ರಾಸಾಯನಿಕ) ಇಲ್ಲದ ಬಾಟಲಿಯನ್ನೇ ಕೇಳಿ ತರಿಸಿ, ಮಾಮೂಲಿ ಬಾಟಲಿಯಲ್ಲಿ ಸಾಮಾನ್ಯವಾಗಿ ಅದು ಇದ್ದೇ ಇರುತ್ತದೆ.