ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ದೂರವನ್ನು ತುಂಡು ಮಾಡಿ ಲೆಕ್ಕ ಹಾಕಿದ ನನ್ನ ಅನುಭವ

ವಿಮಾನದ ದಾರಿಯನ್ನು ತುಂಡು ಮಾಡಿ ಪ್ರಯಾಣದ ಸಮಯವನ್ನು ಅಂದಾಜು ಮಾಡುವ ನನ್ನ ಲೆಕ್ಕವನ್ನು ಟಿಕೆಟ್ ವ್ಯವಹಾರದ ಗೆಳೆಯರು ಬಹಳ ದಿನ ನಂಬಲಿಲ್ಲ. ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಕೊಟ್ಟರೆ ದೂರ ಸಿಗುತ್ತದೆ, ಅದನ್ನು ವಿಮಾನದ ಗಂಟೆಯ ವೇಗವಾದ ಒಂಬೈನೂರು ಕಿ.ಮೀ.ಯಿಂದ ಭಾಗಿಸಿದರೆ ಗಂಟೆ ಸಿಗುತ್ತದೆ, ಇನ್ನೇನು ಬೇಕು ಎಂಬುದು ಅವರ ವಾದವಾಗಿತ್ತು. ನಾನೂ ಮೊದಲು ಹಾಗೆಯೇ ಮಾಡಿ ಕೈ ಸುಟ್ಟುಕೊಂಡೆ.

2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಎರಡು ಊರುಗಳ ನಡುವೆ ನೇರ ಹಾರಾಟ ಆರಂಭಿಸಿದ ಮೇಲೆ, ಮಕ್ಕಳ ಮನೆಗೆ ಹೋಗಿ ಬರುವ ಹಿರಿಯರು ನನ್ನಲ್ಲಿ ಹೆಚ್ಚಾಗಿ ವಿಚಾರಿಸತೊಡಗಿದರು. ಮಹಾವೃತ್ತದ ದೂರ, ಅಂದರೆ ಭೂಮಿಯ ಮೈಮೇಲೆ ಎರಡು ಊರುಗಳ ನಡುವಿನ ಅತಿ ಹತ್ತಿರದ ದಾರಿ, ಸುಮಾರು 14,000 ಕಿ.ಮೀ., ಅಂದರೆ ಹದಿನೈದೂವರೆ ಗಂಟೆ. ವೇಳಾಪಟ್ಟಿಯಲ್ಲಿ ಹೆಚ್ಚುವರಿ ಸಮಯ ಸೇರಿಸಿರುತ್ತಾರೆಂದು ಭಾವಿಸಿ, ನನ್ನ ಅಂಕಿಯನ್ನೇ ನಂಬಿ, ಹಿಂದಿರುಗುವ ದಂಪತಿಗೆ ಮಂಗಳೂರಿನ ಮುಂದಿನ ವಿಮಾನವನ್ನು ಬೇರೆ ಟಿಕೆಟ್‌ನಲ್ಲಿ ತೆಗೆದುಕೊಟ್ಟೆ. ಅದು ತಪ್ಪಿಹೋಯಿತು. ಹೊಸ ಟಿಕೆಟ್‌ಗಳಿಗೆ ಹದಿನಾಲ್ಕು ಸಾವಿರದಷ್ಟು ಹಣವನ್ನು ನಾನೇ ಭರಿಸಿದೆ. ಇನ್ನೊಮ್ಮೆ, ಅಮೆರಿಕದಲ್ಲಿ ನವೆಂಬರ್‌ನ ಮೊದಲ ಭಾನುವಾರ ಗಡಿಯಾರ ಹಿಂದಕ್ಕೆ ಹೋಗುವುದನ್ನು ಮರೆತು, ಹದಿಮೂರೂವರೆ ಗಂಟೆಯ ಅಂತರವನ್ನು ಹನ್ನೆರಡೂವರೆ ಎಂದೇ ಹಿಡಿದು, ಅಲ್ಲಿನ ಟ್ಯಾಕ್ಸಿಯನ್ನು ಒಂದು ಗಂಟೆ ತಡವಾಗಿ ಬರಹೇಳಿ ಪ್ರಯಾಣಿಕರನ್ನು ಕಾಯಿಸಿದ್ದೇನೆ.

ತಪ್ಪು ಎಲ್ಲಿದೆಯೆಂದು ತೋರಿಸಿದ್ದು ಮೂವತ್ತು ಸೆಂಟಿಮೀಟರ್ ವ್ಯಾಸದ ಮೇಜಿನ ಗ್ಲೋಬು. ಹೂ ಕಟ್ಟುವ ದಾರ ಎಳೆದಷ್ಟೂ ಹಿಗ್ಗುತ್ತಿದ್ದುದರಿಂದ ಹಳೆಯ ಸೀರೆಯ ಜರಿಯ ಎಳೆಯೊಂದನ್ನು ಬಿಡಿಸಿಕೊಂಡು ಎರಡು ಊರುಗಳ ನಡುವೆ ಬಿಗಿದೆ. ಮೂವತ್ಮೂರು ಸೆಂಟಿಮೀಟರ್ ಬಂದಿತು, ಆ ಗ್ಲೋಬಿನ ಅಳತೆಯಲ್ಲಿ ಅದು ಸುಮಾರು 14,000 ಕಿ.ಮೀ., ಲೆಕ್ಕ ಸರಿಯಾಗಿತ್ತು. ಆದರೆ ಆ ಎಳೆ ಟಿಬೆಟ್ಟಿನ ನೆತ್ತಿಯ ಮೇಲೆ ಹಾದು ಸೈಬೀರಿಯಾದ ಉತ್ತರ ಕರಾವಳಿಯಲ್ಲಿ 71 ಡಿಗ್ರಿ ಅಕ್ಷಾಂಶದವರೆಗೆ ಏರುತ್ತಿತ್ತು. ಕ್ಯಾಬಿನ್ನಿನ ಒತ್ತಡ ಕುಸಿದರೆ ಬೇಗ ಕೆಳಗಿಳಿಯಲು ಟಿಬೆಟ್ಟಿನ ಎತ್ತರ ಅವಕಾಶ ಕೊಡದ ಕಾರಣ ವಿಮಾನಗಳು ಆ ದಾರಿಯನ್ನು ಆದಷ್ಟು ತಪ್ಪಿಸುತ್ತವೆ. ನಾನು ಅಳೆದದ್ದು ವಿಮಾನ ಹೋಗದ ದಾರಿಯನ್ನು.

ಆದ್ದರಿಂದ ದಾರಿಯನ್ನು ಜಪಾನಿನ ಬಳಿ ಮುರಿದೆ. ಟೋಕಿಯೊವರೆಗೆ 6,700, ಅಲ್ಲಿಂದ ಮುಂದೆ 8,200, ಒಟ್ಟು 14,900 ಕಿ.ಮೀ. ಹೋಗುವಾಗ ಪೆಸಿಫಿಕ್ ಮೇಲೆ ಬಹು ಎತ್ತರದಲ್ಲಿ ಪಶ್ಚಿಮದಿಂದ ಜೋರಾಗಿ ಬೀಸುವ ಜೆಟ್ ಗಾಳಿ ಬೆನ್ನಿಗಿರುವುದರಿಂದ ಸರಾಸರಿ ವೇಗವನ್ನು ಗಂಟೆಗೆ 960 ಕಿ.ಮೀ. ಎಂದು ಹಿಡಿದು, ರನ್‌ವೇವರೆಗಿನ ಓಡಾಟ, ಏರಿಕೆ, ಇಳಿತಗಳಿಗೆ ನಲವತ್ತು ನಿಮಿಷ ಸೇರಿಸಿದರೆ ಹದಿನಾರು ಗಂಟೆ ಹತ್ತು ನಿಮಿಷದ ಆಸುಪಾಸಿಗೆ ಬರುತ್ತದೆ. ಹೀಗೆ ಲೆಕ್ಕ ಹಾಕಿದ ಇಪ್ಪತ್ತಕ್ಕೂ ಹೆಚ್ಚು ಪ್ರಯಾಣಗಳಲ್ಲಿ, ಹೊರಡುವುದೇ ತಡವಾದವುಗಳನ್ನು ಬಿಟ್ಟರೆ, ನನ್ನ ಅಂಕಿ ಇಪ್ಪತ್ತು ನಿಮಿಷಕ್ಕಿಂತ ಆಚೀಚೆ ಹೋದದ್ದು ಎರಡೋ ಮೂರೋ ಬಾರಿ ಮಾತ್ರ. ಹಿಂದೆ ವಾದಿಸಿದವರೇ ಈಗ ಫೋನ್ ಮಾಡಿ ಕೇಳುತ್ತಾರೆ.

ನಡುವೆ ಭೂಮಿಯ ತ್ರಿಜ್ಯದ ಮೇಲೂ ಒಂದು ವಾರ ಕಳೆದೆ. ಸಮಭಾಜಕದ ತ್ರಿಜ್ಯವಾದ 6,378 ಕಿ.ಮೀ. ಬದಲು ಧ್ರುವದ 6,357 ಹಾಕಿದರೂ ದೂರದಲ್ಲಿ ನಲವತ್ತಾರು ಕಿ.ಮೀ., ಸಮಯದಲ್ಲಿ ಮೂರು ನಿಮಿಷವಷ್ಟೇ ವ್ಯತ್ಯಾಸವಾಗುವುದರಿಂದ ಅದನ್ನು ಕೈಬಿಟ್ಟೆ.

ಹಿಂದಿರುಗುವಾಗ ಅದೇ ಗಾಳಿ ಎದುರಾಗುತ್ತದೆ, ಚಳಿಗಾಲದಲ್ಲಿ ಇನ್ನೂ ಜೋರಾಗಿ. ಆಗ ದಾರಿಯನ್ನು ಎಲ್ಲಿ ಮುರಿಯಬೇಕು, ತಿಂಗಳಿಗೆ ತಕ್ಕಂತೆ ವೇಗದಲ್ಲಿ ಎಷ್ಟು ಕಳೆಯಬೇಕು ಎಂಬ ಪಟ್ಟಿಯನ್ನು ಮೂರು ವರ್ಷ ಕೂತು ಮಾಡಿಕೊಂಡಿದ್ದೇನೆ. ಅದನ್ನು ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ.