ಕರಾವಳಿಯ ಕಾರಿಗೆ ಬಣ್ಣ: ಯಾವುದು ಮನೆಯ ಕೆಲಸ, ಯಾವುದು ಗ್ಯಾರೇಜಿನದು

ಕಾರಿನ ಹಿಂದಿನ ಚಕ್ರದ ಮೇಲಿರುವ ಕಮಾನಿನ ಅಂಚನ್ನು, ತಗಡು ಒಳಕ್ಕೆ ಮಡಚಿಕೊಂಡಿರುವ ಜಾಗವನ್ನು, ಒಮ್ಮೆ ಬೆರಳಿನಿಂದ ಸವರಿ ನೋಡಿ. ಕಾರವಾರದಿಂದ ಭಟ್ಕಳದವರೆಗೆ ಸಮುದ್ರದ ಸಮೀಪದಲ್ಲಿ ಐದಾರು ಮಳೆಗಾಲ ಕಂಡ ಕಾರಾದರೆ ಅಲ್ಲಿ ಸಾಸಿವೆ ಕಾಳಿನಂಥ ಗುಳ್ಳೆಗಳು ಬೆರಳಿಗೆ ತಾಗುವುದು ಅಪರೂಪವಲ್ಲ. ಅಂಥ ಒಂದು ಗುಳ್ಳೆಯನ್ನು ಉಗುರಿನಿಂದ ಮೀಟಿದರೆ ಬಣ್ಣ ಸಿಪ್ಪೆಯಂತೆ ಕಳಚುತ್ತದೆ, ಅದರಡಿಯಲ್ಲಿ ಕಂದು ಪುಡಿ ಕಾಣುತ್ತದೆ. ಬಣ್ಣವನ್ನು ಮನೆಯಲ್ಲೇ ಹಚ್ಚಿಕೊಳ್ಳಬೇಕೋ, ಗ್ಯಾರೇಜಿಗೆ ಕೊಡಬೇಕೋ ಎಂಬ ಪ್ರಶ್ನೆಗೆ ಖರ್ಚಿನ ಲೆಕ್ಕ ಹಾಕುವ ಮೊದಲು ಈ ಉಗುರಿನ ಪರೀಕ್ಷೆ ಮಾಡಬೇಕು.

ಬಯಲುಸೀಮೆಯ ಒಣ ಊರುಗಳಲ್ಲಿ ಕಾರಿನ ಬಣ್ಣವೆಂದರೆ ಬಹುಮಟ್ಟಿಗೆ ಅಂದದ ಮಾತು. ನಮ್ಮಲ್ಲಿ ಅದರ ಮೊದಲ ಕೆಲಸ ತಗಡನ್ನು ಉಪ್ಪಿನಿಂದ ಕಾಯುವುದು. ಗಾಳಿಯ ತೇವಾಂಶ ಸುಮಾರು ಶೇ 75 ದಾಟಿದಾಗ ಅಡುಗೆ ಉಪ್ಪು ತಾನಾಗಿ ನೀರೊಡೆಯುತ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿಯ ತಳದಲ್ಲಿ ನೀರು ನಿಲ್ಲುವುದನ್ನು ಎಲ್ಲರ ಮನೆಯಲ್ಲೂ ಕಂಡಿದ್ದೇವೆ. ಸಮುದ್ರದ ಉಪ್ಪಿನಲ್ಲಿ ಇದರ ಜೊತೆಗೆ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುತ್ತದೆ, ಅದು ಶೇ 33ರಷ್ಟು ತೇವಾಂಶವಿದ್ದರೂ ನೀರು ಹೀರತೊಡಗುತ್ತದೆ. ಆದ್ದರಿಂದ ಅಲೆಯ ತುಂತುರು ಹೊತ್ತ ಗಾಳಿ ಕಾರಿನ ಮೇಲೆ ತಂದು ಕೂರಿಸಿದ ಉಪ್ಪು ಜನವರಿಯ ಬಿಸಿಲಿನಲ್ಲೂ ಪೂರ್ತಿ ಒಣಗುವುದಿಲ್ಲ. ಬಣ್ಣ ಕಿತ್ತುಹೋದ ಕಡೆ ತಗಡು ಸದಾ ಒದ್ದೆಯಾಗಿಯೇ ಇರುತ್ತದೆ.

ಕಾರ್ಖಾನೆಯ ಬಣ್ಣವೂ ನಾವು ಅಂದುಕೊಂಡಷ್ಟು ದಪ್ಪವಲ್ಲ. ತಳದ ತುಕ್ಕುನಿರೋಧಕ ಪದರ, ಬಣ್ಣ ಹಿಡಿದು ನಿಲ್ಲಲು ಹಚ್ಚುವ ಪ್ರೈಮರ್, ಬಣ್ಣ, ಮೇಲಿನ ಪಾರದರ್ಶಕ ಕ್ಲಿಯರ್ ಕೋಟ್ ಎಲ್ಲ ಸೇರಿಯೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಅಂದರೆ ಒಂದು ಹಾಳೆ ಕಾಗದಕ್ಕಿಂತ ಸ್ವಲ್ಪ ಹೆಚ್ಚು. ಇವುಗಳಲ್ಲಿ ತಳದ ಪದರವನ್ನು ಇಡೀ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ತಿನ ಸಹಾಯದಿಂದ ಕೂರಿಸಿರುತ್ತಾರೆ. ಅದನ್ನು ಮನೆಯಲ್ಲಿಯೂ ಪುನಃ ಮಾಡಲಾಗದು, ಎಷ್ಟೇ ದೊಡ್ಡ ಗ್ಯಾರೇಜಿನಲ್ಲಿಯೂ ಮಾಡಲಾಗದು. ಚೆನ್ನಾಗಿ ಹಿಡಿದು ನಿಂತಿರುವ ಹಳೆಯ ಬಣ್ಣವನ್ನು ಸುಮ್ಮನೆ ತಗಡಿನವರೆಗೆ ಕೆರೆಸಬೇಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದೇ ಕಾರಣಕ್ಕೆ.

ಯಾವುದನ್ನು ಮನೆಯಲ್ಲಿ ಮಾಡಬಹುದು

ಗೀರಿನ ಮೇಲೆ ಉಗುರು ಎಳೆದಾಗ ಅದು ಸಿಕ್ಕಿಕೊಳ್ಳದಿದ್ದರೆ ಹಾನಿ ಕ್ಲಿಯರ್ ಕೋಟಿನೊಳಗೇ ಇದೆ ಎಂದರ್ಥ. ಅದಕ್ಕೆ ಬಣ್ಣ ಬೇಡ, ಉಜ್ಜಿ ಹೊಳಪು ತರುವ ರಬ್ಬಿಂಗ್ ಕಾಂಪೌಂಡ್ ಸಾಕು. ಉಗುರು ಸಿಕ್ಕಿಕೊಂಡು, ಗೀರಿನ ತಳದಲ್ಲಿ ಬೂದು ಅಥವಾ ಬಿಳಿಯ ಪ್ರೈಮರ್ ಕಂಡರೆ ಟಚ್ ಅಪ್ ಕುಂಚದಿಂದ ಮುಚ್ಚಿದರಾಯಿತು. ತಗಡು ಕಂಡಿದ್ದರೂ ಜಾಗ ಅಂಗೈಗಿಂತ ಚಿಕ್ಕದಾಗಿದ್ದು, ಬಾಗಿಲಿನ ಕೆಳಭಾಗ ಅಥವಾ ಚಕ್ರದ ಕಮಾನಿನಂಥ ಎದ್ದು ಕಾಣದ ಕಡೆಯಿದ್ದರೆ ತಾಳ್ಮೆಯುಳ್ಳ ಯಾರಾದರೂ ಮನೆಯಂಗಳದಲ್ಲೇ ಸರಿಪಡಿಸಬಹುದು. ಬಂಪರ್ ಪ್ಲಾಸ್ಟಿಕ್ಕಿನದು, ತುಕ್ಕು ಹಿಡಿಯುವುದಿಲ್ಲ, ಹಾಗಾಗಿ ಕೈ ಪಳಗಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಪ್ಲಾಸ್ಟಿಕ್ಕಿಗೆಂದೇ ಬರುವ ಪ್ರೈಮರ್ ಹಚ್ಚುವುದನ್ನು ಮಾತ್ರ ಮರೆಯಬಾರದು, ಇಲ್ಲವಾದರೆ ಬಣ್ಣ ಹಾಳೆಯಂತೆ ಏಳುತ್ತದೆ.

ಬಾನೆಟ್, ಛಾವಣಿ, ಇಡೀ ಬಾಗಿಲು ಇವೆಲ್ಲ ಗ್ಯಾರೇಜಿನ ಕೆಲಸ. ಬೆಳ್ಳಿಬಣ್ಣ, ಬೂದು, ಮುತ್ತಿನ ಬಿಳಿಯಂಥ ಮೆಟಾಲಿಕ್ ಮತ್ತು ಪರ್ಲ್ ಬಣ್ಣಗಳಾದರಂತೂ ಇದರಲ್ಲಿ ಎರಡು ಮಾತಿಲ್ಲ. ಆ ಬಣ್ಣಗಳಲ್ಲಿರುವ ಲೋಹದ ಅಥವಾ ಅಭ್ರಕದ ಸೂಕ್ಷ್ಮ ಚೂರುಗಳು ಸ್ಪ್ರೇ ಗನ್ನಿನ ದೂರ, ಒತ್ತಡ ಮತ್ತು ಕೈಯ ವೇಗಕ್ಕೆ ತಕ್ಕಂತೆ ಬೇರೆ ಬೇರೆ ಕೋನದಲ್ಲಿ ಮಲಗುತ್ತವೆ. ಆದ್ದರಿಂದ ಅದೇ ಡಬ್ಬಿಯ ಬಣ್ಣವೂ ಒಂದು ಕಡೆ ತಿಳಿಯಾಗಿ, ಇನ್ನೊಂದು ಕಡೆ ಮಂಕಾಗಿ ಕಾಣುತ್ತದೆ. ಅನುಭವಿ ಪೇಂಟರ್ ಪಕ್ಕದ ಪ್ಯಾನೆಲ್ಲಿಗೂ ಬಣ್ಣವನ್ನು ತೆಳುವಾಗಿ ಹರಡಿ ಕಣ್ಣಿಗೆ ವ್ಯತ್ಯಾಸ ತಿಳಿಯದಂತೆ ಮಾಡುತ್ತಾನೆ, ಡಬ್ಬಿಯ ಸ್ಪ್ರೇಯಿಂದ ಅದು ಆಗುವ ಕೆಲಸವಲ್ಲ. ಇನ್ನು, ಉಗುರಿಗೆ ಬದಲಾಗಿ ಸ್ಕ್ರೂಡ್ರೈವರಿನ ತುದಿ ಒತ್ತಿದಾಗ ತಗಡು ತೂತಾಗುವಂತಿದ್ದರೆ ಅದು ಬಣ್ಣದ ಕೆಲಸವೇ ಅಲ್ಲ. ಹಾಳಾದ ತಗಡು ಕತ್ತರಿಸಿ ಹೊಸದನ್ನು ಬೆಸುಗೆ ಹಾಕಿಸಬೇಕು, ಅದಕ್ಕೆ ಟಿಂಕರಿಂಗ್ ಬಲ್ಲವರೇ ಬೇಕು.

ಕಾಲ ಮತ್ತು ಹೊತ್ತು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸಕ್ಕೆ ಕೈಹಾಕಲೇಬಾರದು. ಮಳೆ ನಿಂತ ಕೂಡಲೇ ಆರಂಭಿಸುವುದೂ ತಪ್ಪು, ಏಕೆಂದರೆ ತಗಡಿನ ಮಡಿಕೆಗಳೊಳಗಿನ ನೀರು ಆರಲು ವಾರಗಳೇ ಬೇಕು. ನವೆಂಬರ್ ಕೊನೆಯಿಂದ ಫೆಬ್ರವರಿವರೆಗಿನ ದಿನಗಳು ಅತ್ಯುತ್ತಮ. ತೇವಾಂಶ ಶೇ 70ಕ್ಕಿಂತ ಕೆಳಗಿರಬೇಕು; ಅದನ್ನು ತೋರಿಸುವ ಚಿಕ್ಕ ಡಿಜಿಟಲ್ ಮಾಪಕವನ್ನು ಕಾರಿನ ಪಕ್ಕದಲ್ಲೇ ಇಟ್ಟುಕೊಂಡರೆ ಊಹಿಸುವ ಅಗತ್ಯವಿಲ್ಲ. ಬಣ್ಣದೊಳಗಿನ ತಿನ್ನರ್ ಆವಿಯಾಗುವಾಗ ತಗಡಿನ ಮೈ ತಣ್ಣಗಾಗುತ್ತದೆ, ಗಾಳಿ ತೇವವಾಗಿದ್ದರೆ ಆ ತಣ್ಣನೆಯ ಮೈಮೇಲೆ ನೀರು ಕೂರುತ್ತದೆ, ಆಗ ಲ್ಯಾಕರ್, ಅಂದರೆ ತಿನ್ನರ್ ಆರಿದರೆ ತಾನೇ ಒಣಗುವ ಬಣ್ಣ, ಹಾಲಿನಂತೆ ಬೆಳ್ಳಗಾಗುತ್ತದೆ.

ಕಾರವಾರ, ಕುಮಟಾ, ಹೊನ್ನಾವರದ ಕಡೆ ಚಳಿಗಾಲದ ಬೆಳಗಿನಲ್ಲಿ ಘಟ್ಟದಿಂದ ಒಣಗಾಳಿ ಬೀಸುತ್ತದೆ, ಮಧ್ಯಾಹ್ನದ ಹೊತ್ತಿಗೆ ಅದು ತಿರುಗಿ ಸಮುದ್ರದಿಂದ ಉಪ್ಪುಗಾಳಿ ಬರತೊಡಗುತ್ತದೆ. ಹಾಗಾಗಿ ಇಬ್ಬನಿ ಆರಿದ ಮೇಲೆ, ಗಾಳಿ ತಿರುಗುವ ಮುಂಚೆ ಬಣ್ಣ ಹೊಡೆದು ಮುಗಿಸಬೇಕು. ಶಿರಸಿಯ ಕಡೆಯವರು ಇಬ್ಬನಿ ಪೂರ್ತಿ ಹರಿಯಲು ಹತ್ತು, ಹತ್ತೂವರೆಯವರೆಗೆ ಕಾದು ಮಧ್ಯಾಹ್ನ ಮಾಡುವುದೇ ಒಳ್ಳೆಯದು. ಅಲ್ಲಿಯವರಿಗೆ ಇನ್ನೊಂದು ಮಾತು: ಇದೇ ತಿಂಗಳುಗಳಲ್ಲಿ ಅಂಗಳದಲ್ಲಿ ಅಡಿಕೆ ಒಣಗುತ್ತಿರುತ್ತದೆ. ಸ್ಪ್ರೇಯ ತೆಳುಮಂಜು ಗಾಳಿಯಲ್ಲಿ ಹತ್ತಾರು ಅಡಿ ಸಾಗಿ ಅಡಿಕೆಯ ಮೇಲೆ ಕೂರಬಲ್ಲದು, ಆದ್ದರಿಂದ ಕಾರನ್ನು ಅಂಗಳದಿಂದ ದೂರ, ಗಾಳಿ ಅಂಗಳದಿಂದ ಕಾರಿನತ್ತ ಬೀಸುವ ಕಡೆ ನಿಲ್ಲಿಸಿಕೊಳ್ಳಿ.

ಮನೆಯಲ್ಲಿ ಮಾಡುವ ಕ್ರಮ

ಮೊದಲ ಕೆಲಸ ತೊಳೆಯುವುದು, ಹೆಚ್ಚಿನವರು ಅವಸರ ಮಾಡುವುದೂ ಇಲ್ಲಿಯೇ. ಉಪ್ಪು ಕೂತ ಮೈಯನ್ನು ಹಾಗೆಯೇ ಉಜ್ಜಿದರೆ ಸ್ಯಾಂಡ್‌ಪೇಪರ್ ಆ ಉಪ್ಪನ್ನು ತುಕ್ಕಿನ ಗುಳಿಗಳೊಳಗೆ ಒತ್ತಿ ತುಂಬುತ್ತದೆ. ಮೇಲೆ ಬಣ್ಣ ಬಿದ್ದ ಬಳಿಕವೂ ಆ ಉಪ್ಪು ಪದರದ ಮೂಲಕ ನೀರನ್ನು ಎಳೆದುಕೊಂಡು ಗುಳ್ಳೆ ಎಬ್ಬಿಸುತ್ತದೆ. ಶಾಂಪೂ ಹಾಕಿ ತೊಳೆದ ಮೇಲೆ ಕನಿಷ್ಠ ಎರಡು ಬಾರಿ ಸಿಹಿನೀರಿನಲ್ಲಿ ಜಾಲಿಸಿ. ನದಿಯ ಅಳಿವೆಯ ಬಳಿ ಮನೆಯಿದ್ದು, ಬಾವಿಯ ನೀರು ಬೇಸಿಗೆಯಲ್ಲಿ ಸವುಳಾಗುವಂತಿದ್ದರೆ ಆ ನೀರನ್ನು ಕೊನೆಯ ತೊಳೆತಕ್ಕೆ ಬಳಸಬೇಡಿ. ಕಾರನ್ನು ಒಂದು ದಿನ ಒಣಗಲು ಬಿಟ್ಟು, ಮೇಣ ಮತ್ತು ಎಣ್ಣೆ ತೆಗೆಯುವ ದ್ರಾವಣದಿಂದ ಶುಭ್ರ ಬಟ್ಟೆಯಲ್ಲಿ ಒರೆಸಿ.

ನಂತರ 80ನೇ ಅಂಕದ ಸ್ಯಾಂಡ್‌ಪೇಪರಿನಿಂದ (ಅಂಕ ಹೆಚ್ಚಿದಷ್ಟೂ ಪೇಪರ್ ನಯ), ತಗಡು ಹೊಳೆಯುವವರೆಗೆ, ಗುಳ್ಳೆಯ ಸುತ್ತ ಎರಡು ಬೆರಳಿನಷ್ಟು ಹೆಚ್ಚು ಜಾಗವನ್ನು ಸೇರಿಸಿ ಉಜ್ಜಿ. ಗುಳಿಗಳಲ್ಲಿ ಉಳಿದ ಕಪ್ಪು ಚುಕ್ಕೆಗಳೇ ಮುಂದಿನ ತುಕ್ಕಿನ ಬೀಜ. ಅವುಗಳಿಗೆ ಫಾಸ್ಫಾರಿಕ್ ಆಮ್ಲವಿರುವ ತುಕ್ಕುನಿವಾರಕ ಹಚ್ಚಿ, ಡಬ್ಬಿಯ ಮೇಲೆ ಸೂಚಿಸಿದಷ್ಟು ಹೊತ್ತು ಬಿಟ್ಟು, ಉಳಿಕೆಯನ್ನು ತೊಳೆದು ಪೂರ್ತಿ ಒಣಗಿಸಿ. ಹಳೆಯ ಬಣ್ಣದ ಅಂಚನ್ನು 180, ಆಮೇಲೆ 320ರಿಂದ ಇಳಿಜಾರಾಗಿ ಸವೆಸಿ, ಕಣ್ಣು ಮುಚ್ಚಿ ಬೆರಳಾಡಿಸಿದಾಗ ಮೆಟ್ಟಿಲು ತಿಳಿಯಬಾರದು. ಬೆತ್ತಲಾದ ತಗಡಿಗೆ ಅದೇ ದಿನ ಎಪಾಕ್ಸಿ ಪ್ರೈಮರ್ ಬೀಳಬೇಕು. ಅಂಗೈಯಷ್ಟು ಜಾಗಕ್ಕೆ ಕುಂಚವೇ ಸಾಕು. ತಗಡನ್ನು ರಾತ್ರಿಯಿಡೀ ಹಾಗೆಯೇ ಬಿಟ್ಟರೆ ಬೆಳಗಾಗುವಷ್ಟರಲ್ಲಿ ನಮ್ಮ ಗಾಳಿ ಅದರ ಮೇಲೆ ಹಳದಿ ಛಾಯೆ ಮೂಡಿಸಿರುತ್ತದೆ.

ತಗ್ಗು ಇದ್ದರೆ ಮಾತ್ರ ಪುಟ್ಟಿ, ಅದೂ ಎಪಾಕ್ಸಿಯ ಮೇಲೆ. ನಿಂಬೆಹಣ್ಣಿನ ಗಾತ್ರದ ಪುಟ್ಟಿಗೆ ಕಡಲೆ ಕಾಳಿನಷ್ಟು, ಅಂದರೆ ತೂಕದಲ್ಲಿ ಸುಮಾರು ಶೇ 2ರಷ್ಟು, ಅದನ್ನು ಗಟ್ಟಿಗೊಳಿಸುವ ಹಾರ್ಡನರ್ ಸಾಕು. ನಮ್ಮ ಸೆಕೆಗೆ ಅದು ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುವುದರಿಂದ ಸ್ವಲ್ಪ ಸ್ವಲ್ಪವೇ ಕಲಸಿಕೊಳ್ಳಬೇಕು. ಪುಟ್ಟಿಯನ್ನು ಎಂದಿಗೂ ನೀರು ಹಾಕಿ ಉಜ್ಜಬಾರದು, ಅದು ಸ್ಪಂಜಿನಂತೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ನನ್ನ ಕಾರಿನ ಬಾಗಿಲೊಂದನ್ನು ಜಿಲ್ಲೆಯ ಒಂದು ಗ್ಯಾರೇಜಿನಲ್ಲಿ ಬಣ್ಣಕ್ಕೆ ಬಿಟ್ಟಿದ್ದೆ. ಪುಟ್ಟಿಯನ್ನು ನೀರಿನಲ್ಲಿ ಉಜ್ಜಿ ಅದೇ ಸಂಜೆ ಪ್ರೈಮರ್ ಹೊಡೆದಿದ್ದರು. ಕೈಗೆ ಬಂದಾಗ ಬಾಗಿಲು ಕನ್ನಡಿಯಂತಿತ್ತು, ಮುಂದಿನ ಶ್ರಾವಣದೊಳಗೆ ಪುಟ್ಟಿ ಹಾಕಿದ ಆಕಾರದಲ್ಲೇ ಬಣ್ಣ ಉಬ್ಬಿಕೊಂಡಿತು. ಕೆರೆದು ನೋಡಿದರೆ ತಗಡು ಮತ್ತು ಪುಟ್ಟಿಯ ನಡುವೆ ತುಕ್ಕಿನ ನೀರು ನಿಂತಿತ್ತು.

ಪ್ರೈಮರ್ ಒಣಗಿದ ಮೇಲೆ 600ರ ಪೇಪರಿನಿಂದ ಒಣಗಿರುವಂತೆಯೇ ನಯಮಾಡಿ, ಸುತ್ತ ಮಾಸ್ಕಿಂಗ್ ಟೇಪ್ ಮತ್ತು ಕಾಗದ ಅಂಟಿಸಿ. ಬಣ್ಣದ ಕೋಡ್ ಬಾಗಿಲಿನ ಕಂಬದ ಮೇಲೋ ಬಾನೆಟ್ಟಿನಡಿಯ ಪಟ್ಟಿಯಲ್ಲೋ ಇರುತ್ತದೆ. ಕೋಡ್ ಸರಿಯಿದ್ದರೂ ಬಿಸಿಲಿಗೆ ಮಾಸಿದ ಕಾರಿಗೆ ಅದು ಹೊಂದದಿರಬಹುದಾದ್ದರಿಂದ ಮೊದಲು ಒಂದು ರಟ್ಟಿನ ಮೇಲೆ ಹೊಡೆದು, ಒಣಗಿಸಿ, ಬಿಸಿಲಿನಲ್ಲಿ ಕಾರಿಗೆ ಹಿಡಿದು ನೋಡಿ. ಸ್ಪ್ರೇ ಡಬ್ಬಿಯೊಳಗಿನ ಗುಂಡು ಸದ್ದು ಮಾಡತೊಡಗಿದ ಮೇಲೂ ಎರಡು ನಿಮಿಷ ಕುಲುಕಿ, 20ರಿಂದ 25 ಸೆಂಟಿಮೀಟರ್ ದೂರದಿಂದ, ಕೈಯನ್ನು ಮೈಗೆ ಸಮಾನಾಂತರವಾಗಿ ಸಾಗಿಸಿ, ಪ್ರತಿ ಪಟ್ಟಿಯೂ ಹಿಂದಿನದರ ಅರ್ಧವನ್ನು ಮುಚ್ಚುವಂತೆ ಹೊಡೆಯಿರಿ. ಮೊದಲ ಸಲ ತಳ ಕಾಣುವಷ್ಟು ತೆಳುವಿರಲಿ, ಹತ್ತು ನಿಮಿಷ ಬಿಟ್ಟು ಎರಡನೆಯದು, ಮತ್ತೆ ಹತ್ತು ನಿಮಿಷಕ್ಕೆ ಮೂರನೆಯದು. ಒಂದೇ ಸಲಕ್ಕೆ ಮುಚ್ಚಲು ಹೋದರೆ ಬಣ್ಣ ಕಣ್ಣೀರಿನಂತೆ ಇಳಿಯುತ್ತದೆ. ಕ್ಲಿಯರ್ ಕೋಟನ್ನೂ ಹೀಗೆಯೇ ಮೂರು ಪದರವಾಗಿ ಹೊಡೆದು, ಎರಡು ವಾರವಾದರೂ ಬಿಟ್ಟು, ಆಮೇಲೆ 2000ದ ಪೇಪರ್, ನೀರು ಮತ್ತು ಕಾಂಪೌಂಡಿನಿಂದ ಹೊಳಪು ತನ್ನಿ.

ಒಂದು ವಿಷಯದಲ್ಲಿ ರಿಯಾಯಿತಿಯಿಲ್ಲ. ಹಾರ್ಡನರ್ ಬೆರೆಸುವ ಪಿಯು (ಪಾಲಿಯುರೆಥೇನ್) ಬಣ್ಣ ಮತ್ತು ಕ್ಲಿಯರನ್ನು, ಅವು ಡಬ್ಬಿಯಲ್ಲೇ ಸಿಕ್ಕರೂ, ಮನೆಯಲ್ಲಿ ಸ್ಪ್ರೇ ಮಾಡಬಾರದು. ಆ ಹಾರ್ಡನರಿನಲ್ಲಿರುವ ಐಸೊಸಯನೇಟ್ ಶ್ವಾಸಕೋಶವನ್ನು ಸೇರಿ ಆಸ್ತಮಾ ತರಬಲ್ಲದು, ಒಮ್ಮೆ ಒಗ್ಗದಂತಾದ ಮೇಲೆ ಅತ್ಯಲ್ಪ ಪ್ರಮಾಣವೂ ಉಸಿರು ಕಟ್ಟಿಸುತ್ತದೆ. ಅದಕ್ಕೆ ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮುಖಕವಚ ಬೇಕು, ಬಟ್ಟೆಯ ಮಾಸ್ಕಿನಿಂದ ಏನೂ ಆಗದು. ಸಾಮಾನ್ಯ ಲ್ಯಾಕರ್ ಸ್ಪ್ರೇಗೂ ಆವಿ ಹೀರುವ ಕಾರ್ಟ್ರಿಜ್ ಇರುವ ಮಾಸ್ಕ್, ನೈಟ್ರೈಲ್ ಕೈಗವಸು, ತೆರೆದ ಜಾಗ ಬೇಕೇ ಬೇಕು. ಮನೆಯ ಲ್ಯಾಕರ್ ಪೆಟ್ರೋಲ್ ತಾಗಿದರೆ ಕರಗುತ್ತದೆ, ಪಿಯು ಕರಗುವುದಿಲ್ಲ. ಪೆಟ್ರೋಲ್ ಮುಚ್ಚಳದ ಸುತ್ತಲಿನ ಕೆಲಸವನ್ನು ಗ್ಯಾರೇಜಿಗೇ ಬಿಡಲು ಇಷ್ಟು ಕಾರಣ ಸಾಕು.

ಗ್ಯಾರೇಜಿಗೆ ಕೊಡುವಾಗ

ದರ ಕೇಳುವ ಮುಂಚೆ ಕೆಲಸದ ರೀತಿ ಕೇಳಿ. ತಗಡಿನ ಮೇಲೆ ಮೊದಲು ಎಪಾಕ್ಸಿ ಬೀಳುತ್ತದೆಯೇ, ಪುಟ್ಟಿಯನ್ನು ಒಣಗಿರುವಂತೆ ಉಜ್ಜುತ್ತಾರೆಯೇ, ಕ್ಲಿಯರ್ ಪಿಯು ಹೌದೇ, ಬಣ್ಣ ಹೊಡೆಯಲು ಮುಚ್ಚಿದ ಬೂತ್ ಇದೆಯೇ, ಅದರಲ್ಲಿ ತಗಡನ್ನು 60 ಡಿಗ್ರಿಯ ಸುಮಾರಿಗೆ ಅರ್ಧ ಗಂಟೆ ಕಾಯಿಸುತ್ತಾರೆಯೇ ಎಂಬ ಐದು ಪ್ರಶ್ನೆಗಳಿಗೆ ನೇರ ಉತ್ತರ ಕೊಡುವವರಿಗೆ ಸ್ವಲ್ಪ ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ. ಹಳೆಯ ಬಣ್ಣ ಕೆರೆದು ತಗಡು ಕಾಣುವ ಹಂತದಲ್ಲಿ ಒಮ್ಮೆ ಕರೆಯಿರಿ ಎಂದು ಹೇಳಿ, ಹೋಗಿ ಕಣ್ಣಾರೆ ನೋಡಿ.

ಚಿಕ್ಕ ಗೀರಿಗೆ ವಿಮೆ ಕೇಳುವ ಮೊದಲು ನೋ ಕ್ಲೇಮ್ ಬೋನಸ್ ನೆನಪಿರಲಿ. ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ ಶೇ 20ರಿಂದ ಆರಂಭವಾಗಿ ಐದು ವರ್ಷಕ್ಕೆ ಶೇ 50 ಮುಟ್ಟುವ, ವಿಮೆಯ ಕಂತಿನ ಮೇಲಿನ ಆ ರಿಯಾಯಿತಿ ಒಂದು ಬಾಗಿಲಿನ ಬಣ್ಣಕ್ಕಾಗಿ ಹೋಗಿಬಿಡುತ್ತದೆ. ಇರುವ ಬಣ್ಣವನ್ನೇ ಮತ್ತೆ ಹೊಡೆಸಲು ಯಾರ ಅನುಮತಿಯೂ ಬೇಡ. ಬಣ್ಣ ಬದಲಿಸುವುದಾದರೆ ಕಾರವಾರ ಅಥವಾ ಶಿರಸಿಯಂಥ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಆರ್‌ಸಿ ತಿದ್ದಿಸಬೇಕು. ಸೈನ್ಯದ ಆಲಿವ್ ಹಸಿರನ್ನು ಖಾಸಗಿ ವಾಹನಕ್ಕೆ ಹಚ್ಚುವಂತಿಲ್ಲ.

ಕಾರನ್ನು ಮರಳಿ ಪಡೆಯಲು ಹಗಲಿನಲ್ಲೇ ಹೋಗಿ, ಬಿಸಿಲಿಗೆ ತಂದು ಓರೆಯಾಗಿ ನೋಡಿ. ಆಮೇಲೆ ಬಗ್ಗಿ ಪ್ರತಿ ಬಾಗಿಲಿನ ಕೆಳ ಅಂಚನ್ನೂ ಪರೀಕ್ಷಿಸಿ. ಅಲ್ಲಿ ಒಳಗೆ ಇಳಿದ ಮಳೆನೀರು ಹರಿದುಹೋಗಲು ಸಣ್ಣ ತೂತುಗಳಿರುತ್ತವೆ. ಪುಟ್ಟಿಯೋ ಬಣ್ಣವೋ ಅವುಗಳನ್ನು ಮುಚ್ಚಿದ್ದರೆ ಹಣ ಕೊಡುವ ಮೊದಲೇ, ನಿಮ್ಮೆದುರಿಗೇ ತೆರೆಸಿಕೊಳ್ಳಿ.