ನಮ್ಮ ಬೇಣದಲ್ಲಿ ಮತ್ತೆ ಕರಡ ಎದ್ದಿದ್ದು ಹೀಗೆ

ಈ ಸಲ ಬೇಣದಿಂದ, ಅಂದರೆ ಹುಲ್ಲಿಗೆಂದೇ ಬಿಟ್ಟ ಗುಡ್ಡದಿಂದ, ಹತ್ತಿರ ಹತ್ತಿರ 180 ಹೊರೆ ಕರಡ (ಬೇಣದ ಎತ್ತರದ ಹುಲ್ಲು) ಬಂತು. 6 ವರ್ಷದ ಹಿಂದೆ ಇದೇ 3 ಎಕರೆಯಲ್ಲಿ 30 ಹೊರೆ ಕಟ್ಟಲು ಹೆಣಗಿದ್ದೆವು. ಶಿರಸಿ ಕಡೆಯ ಗುಡ್ಡ ನಮ್ಮದು. "ಬೇಣಕ್ಕೆ ಯಾರಾದ್ರೂ ದುಡ್ಡು ಹಾಕ್ತಾರಾ? ಸುಮ್ನೆ ಅಕೇಶಿಯಾ ನೆಡು ಮಾರಾಯ" ಎಂದಿದ್ದ ನೆರೆಯವರೇ ಮೊನ್ನೆ ಬಂದು ಹೇಗೆ ಮಾಡಿದೆ ಅಂತ ಕೇಳಿದರು.

ಮೊದಲು ಮಾಡಿದ್ದು ದುಬಾರಿ ತಪ್ಪು. ವರ್ಷವಿಡೀ ದನ ಮೇಯ್ದು ಬೇಣದಲ್ಲಿ ಗರಿಕೆ, ಚಗಟೆ, ಮುಟ್ಟಿದರೆ ಮುನಿ ಇಷ್ಟೇ ಉಳಿದಿತ್ತು. ಹಾಗಾಗಿ ಸುತ್ತ ಅಗಳ (ಕಂದಕ) ಹೊಡೆಸಿ, ದಾರಿಗೆ ದಣಪೆ (ಅಡ್ಡಗಳುವಿನ ಗೇಟು) ಹಾಕಿ, 2 ವರ್ಷ ಒಂದು ಕರುವನ್ನೂ ಬಿಡಲಿಲ್ಲ. ಜೆಸಿಬಿಗೇ 40 ಸಾವಿರದ ಹತ್ತಿರ ಹೋಯಿತು. ಮೊದಲ ವರ್ಷ ಹುಲ್ಲು ಸೊಂಟದೆತ್ತರ ಬಂತು. ಖುಷಿಯಾಯಿತು. ಎರಡನೇ ವರ್ಷ ಹಳೇ ಒಣಹುಲ್ಲು ನೆಲ ಮುಚ್ಚಿ, ಬುಡಕ್ಕೆ ಬಿಸಿಲೇ ಬೀಳಲಿಲ್ಲ. ಒಂದೆಲಗ, ತುಂಬೆ, ಚೌತಿ ಹೊತ್ತಿಗೆ ಅರಳುವ ಸಣ್ಣ ನೀಲಿ ಹೂ ಎಲ್ಲ ಮಾಯ. ಸಂದಿಯಲ್ಲಿ ಯುಪಟೋರಿಯಂ ಕಳೆ ನುಗ್ಗಿತು. ಬೀಜದ ಅಂಗಡಿಯವರ ಮಾತು ನಂಬಿ ಸ್ಟೈಲೋ ಎಂಬ ಮೇವಿನ ಗಿಡದ ಬೀಜ ಎರಚಿದೆ. ಜೂನ್ ಕೊನೆಯ ಆರಿದ್ರೆ ಮಳೆಗೆ ಅದೂ ತೊಳೆದು ಹೋಯಿತು. 6 ಸಾವಿರ ದಂಡ.

ಆಗ ತಿಳಿಯಿತು, ಬೇಣಕ್ಕೆ ದನ ಬೇಕೇ ಬೇಕು. ಯಾವ ಮಳೆಯಲ್ಲಿ ಬಿಡಬೇಕು ಅನ್ನೋದೇ ಪ್ರಶ್ನೆ.

ಬೇಣವನ್ನು 3 ತುಂಡು ಮಾಡಿದೆ. ಮೃಗಶಿರ ಮಳೆಯಿಂದ ಪುನರ್ವಸುವರೆಗೆ (ಜೂನ್ ಆರಂಭದಿಂದ ಜುಲೈ ಮಧ್ಯದ ಹೊತ್ತಿಗೆ) ಒಂದೇ ತುಂಡಿಗೆ ದನ. ಪ್ರತಿ ವರ್ಷ ಆ ತುಂಡು ಬದಲು. ಎತ್ತರದ ಹುಲ್ಲನ್ನು ದನ ತಗ್ಗಿಸಿದ ಕಡೆ ಸಣ್ಣ ಗಿಡಗಳಿಗೆ ಬೆಳಕು ಸಿಕ್ಕಿತು. ಆಶ್ಲೇಷದಿಂದ, ಅಂದರೆ ಆಗಸ್ಟ್ ಆರಂಭದಿಂದ, ಎಲ್ಲಕ್ಕೂ ದಣಪೆ. ದೀಪಾವಳಿ ಕಳೆದು ಬೀಜ ಉದುರುವವರೆಗೆ ಕತ್ತಿ ಮುಟ್ಟಿಸುವುದಿಲ್ಲ. ಹುಲ್ಲು ಸ್ವಲ್ಪ ಗಡುಸಾಗುತ್ತದೆ, ಆಗಲಿ. ಕೊಯ್ದ ಮೇಲೆ ಮತ್ತೆ ದನ ಬಿಡುತ್ತೇನೆ. ಗೊರಸಿನ ತುಳಿತಕ್ಕೆ ಬೀಜ ಮಣ್ಣಿಗೆ ಕೂರುತ್ತದೆ.

ದನ ಅಂದರೆ ನಮ್ಮ ಕಡೆಯ ಸಣ್ಣ ಮೈಯ ದೇಸಿ ತಳಿ ಮಲೆನಾಡು ಗಿಡ್ಡವೇ. ಒಮ್ಮೆ ಆರಿದ್ರೆಯಲ್ಲಿ 2 ಭಾರದ ಜರ್ಸಿ ಹಸು ಬಿಟ್ಟು ನೋಡಿದ್ದೆ. ನಾಲ್ಕೇ ದಿನದಲ್ಲಿ ಇಳಿಜಾರು ಕೆಸರುಗದ್ದೆ ಆಯಿತು. ಆ ಕಲೆ ಈಗಲೂ ಕಾಣುತ್ತದೆ.

ಯುಪಟೋರಿಯಂ ದನ ತಿನ್ನಲ್ಲ, ಅದನ್ನು ನಾವೇ ಕೀಳಬೇಕು. ಮೃಗಶಿರದಲ್ಲಿ ನೆಲ ಮೆತ್ತಗಿರುವಾಗ ಬೇರು ಸಮೇತ, ಉಳಿದದ್ದನ್ನು ಹೂ ಬಿಡುವ ಮೊದಲೇ ಕಾರ್ತಿಕದಲ್ಲಿ. ಮೊದಲ ವರ್ಷ 30 ಆಳು ಬೇಕಾಯಿತು, ತಲೆಗೆ 500 ರೂಪಾಯಿ ಲೆಕ್ಕ. ಈಗ 4-5 ಆಳು ಸಾಕು. ಬೆಂಕಿ ಕೊಟ್ಟರೆ ಸುಲಭ ಅನ್ನುವವರಿದ್ದಾರೆ. ನನ್ನ ಮೂಲೆಯೊಂದು ಒಮ್ಮೆ ಸುಟ್ಟಿತ್ತು, ಅಲ್ಲಿ ಬುಡದಿಂದ ಯುಪಟೋರಿಯಂ ಕಳೆಯೇ ಮೊದಲು ಚಿಗುರಿತು.

ನಡುವೆ ಇನ್ನೊಂದು ಪರೀಕ್ಷೆ ಮಾಡಿದೆ. ಒಣ ಸಗಣಿಯನ್ನು 10 ಕುಂಡಕ್ಕೆ ಹಾಕಿ ನೀರು ಕೊಟ್ಟೆ. ಗರಿಕೆ, ಚಗಟೆ ಜಾಸ್ತಿ ಹುಟ್ಟಿದವು, ಕರಡ ಒಂದೂ ಇಲ್ಲ. ಅದಕ್ಕೇ ಈಗ ಬರಡು ಜಾಗಕ್ಕೆ ಹುಲ್ಲುಗೊಣಬೆಯ (ಒಣಹುಲ್ಲಿನ ಬಣವೆ) ಅಡಿಯ ಕಸ ಎರಚುತ್ತೇನೆ, ಕೊಯ್ದ ಹುಲ್ಲಿನಲ್ಲಿ ಉಳಿದ ಬೀಜ ಅದರಲ್ಲೇ ಇರುತ್ತದೆ. ಜತೆಗೆ ಏನು ಬೆರೆಸುತ್ತೇನೆ ಅನ್ನೋದನ್ನು ಇಲ್ಲಿ ಬರೆಯಲ್ಲ, ಬೇಣಕ್ಕೆ ಬಂದವರಿಗೆ ತೋರಿಸುತ್ತೇನೆ.

ಮೂರನೇ ತುಂಡಿನಲ್ಲಿ ಹುಲ್ಲು ಇನ್ನೂ ದಪ್ಪ, ಗಿಡ್ಡಗಳು ಮೂಸಿ ಬಿಡುತ್ತವೆ. ಬರುವ ಮಳೆಗಾಲ ಅಲ್ಲಿಗೆ ಎಮ್ಮೆ ಬಿಡುವವನಿದ್ದೇನೆ.